ಮೊದಲ ಸುಗ್ಗಿಯ ಕೆಂಪು

ಅವತ್ತು ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ಅಂಗಳಕ್ಕೆ ನೀರು ಚಿಮುಕಿಸಿ, ಪಲ್ಯಕ್ಕೆಂದು ಹೆಸರುಕಾಳು ಬೇಯಿಸಿಟ್ಟು, ಒಗ್ಗರಣೆಗೆ ಬಾಣಲೆ ಇಟ್ಟಿದ್ದೆ. ಎಣ್ಣೆ ಕಾದಿತ್ತು. ಸಾಸಿವೆ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಫೋನು ಬಂತು. ಕೆರೂರಿನಿಂದ ಮಲ್ಲನಗೌಡರು. ಅವರ ವೈನ್ ಕಾರ್ಖಾನೆಯಲ್ಲಿಯೇ ನಾನು ನಿವೃತ್ತಿಯವರೆಗೆ ಕೆಲಸ ಮಾಡಿದ್ದು.

"ಅಕ್ಕಾರ, ಆರಾಮ ಅದೀರಿ? ಇವತ್ತ ಈ ಕಡೆ ಬರಾಕ ಆಗ್ತೈತೇನ್ರಿ? ಒಂದು ಬಾಟ್ಲಿ ಸಿಕ್ಕೈತಿ."

"ಎಂಥಾ ಬಾಟ್ಲಿರಿ?"

"ಮೊದಲ ಸುಗ್ಗೀದು."

ನಾನು ಏನು ಹೇಳಬೇಕೆಂದು ಯೋಚಿಸುವ ಮುಂಚೆಯೇ ನನ್ನ ಕೈ ಗ್ಯಾಸ್ ಆರಿಸಿತ್ತು. ವೈನಿನ ರುಚಿ ನೋಡುವ ದಿನ ಮೂಗು ಕೆಡಬಾರದೆಂದು ಮನೆಯಲ್ಲಿ ಇಂಗು ಬೆಳ್ಳುಳ್ಳಿಯ ಒಗ್ಗರಣೆ ಹಾಕುತ್ತಿರಲಿಲ್ಲ, ಊದಿನಕಡ್ಡಿ ಹಚ್ಚುತ್ತಿರಲಿಲ್ಲ, ತಲೆಗೆ ಎಣ್ಣೆ ಇಲ್ಲ, ಹೂವು ಇಲ್ಲ. ನಿವೃತ್ತಳಾಗಿ ವರ್ಷಗಳೇ ಕಳೆದರೂ ಕೈಗೆ ಆ ರೂಢಿ ಉಳಿದಿತ್ತು. ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮವರು ಅಲ್ಲಿಂದಲೇ ಕೂಗಿದರು: "ಏನ, ಚುಂಯ್ ಅನ್ನಲೇ ಇಲ್ಲ? ಇವತ್ತ ಸಪ್ಪನ್ನ ಊಟಾನ?"

"ಹೌದ್ರಿ."

"ನಾ ಸಾಲಿ ಬಿಟ್ಟ ಮ್ಯಾಲೆ ಪರೀಕ್ಷಾ ಮರತೆ. ನೀ ಮಾತ್ರ ಇನ್ನೂ ಬರಿಯಾಕತ್ತೀ ನೋಡು."

ಇದನ್ನು ನಾನು ಬರೆಯುತ್ತಿರುವುದು ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗಿಯರಿಗಾಗಿ. ಅವರು ಇದನ್ನೇ ಓದಿ ಪದವಿ ಪಡೆದು ಬರುತ್ತಾರೆ. ನಾನು ಬಂದದ್ದು ಹಾಗಲ್ಲ. ಶಾಲಾ ಮಾಸ್ತರರಾಗಿದ್ದ ನಮ್ಮವರಿಗೆ ಹುನಗುಂದದಿಂದ ಬಾಗಲಕೋಟೆಗೆ ವರ್ಗವಾಗಿ, ನವನಗರದಲ್ಲಿ ಮನೆ ಮಾಡಿದ್ದೆವು. ಮಕ್ಕಳು ಶಾಲೆಗೆ ಹೋದ ಮೇಲೆ ಮನೆ ಬಣಬಣ ಅನ್ನುತ್ತಿತ್ತು. ಕೆರೂರಿನ ಆಚೆ ಬಾದಾಮಿ ದಾರಿಯಲ್ಲಿ ಗೌಡರು ಹೊಸದಾಗಿ ದ್ರಾಕ್ಷಿ ಹಚ್ಚಿ ವೈನ್ ಮಾಡುವವರಿದ್ದರು. ಇಂಗ್ಲಿಷ್ ಓದಿ ಬರೆಯಲು ಬರುವ, ಗಾಜಿನ ಸಾಮಾನು ಒಡೆಯದೆ ತೊಳೆಯುವ ಒಬ್ಬ ಹೆಣ್ಣುಮಗಳು ಬೇಕಾಗಿತ್ತು. ಅಷ್ಟೇ ಅರ್ಹತೆ. ಕಾನ್ವೆಂಟಿನಲ್ಲಿ ಓದಿದವಳು ಎಂದು ಯಾರೋ ನನ್ನ ಹೆಸರು ಹೇಳಿದರು.

ನಮ್ಮದು ಮದ್ಯ ಮುಟ್ಟದ ಮನೆತನ. ಅತ್ತೆಯವರಿಗೆ "ದ್ರಾಕ್ಷಿ ಫ್ಯಾಕ್ಟರಿ" ಎಂದಷ್ಟೇ ಹೇಳಿದೆವು. ಓಣಿಯವರಿಗೂ ಹಾಗೆಯೇ. ಆದರೆ ವೈನಿನ ವಾಸನೆ ನನಗೆ ಹೊಸದಾಗಿರಲಿಲ್ಲ. ಶಾಲೆಯ ಪ್ರಾರ್ಥನಾ ಮಂದಿರದ ಪಕ್ಕದ ಕೋಣೆಯಲ್ಲಿ ಸಿಸ್ಟರ್ ಒಬ್ಬರು ಪೂಜೆಯ ವೈನಿನ ಬಟ್ಟಲು ಒರೆಸುವಾಗ ಆ ಬಟ್ಟೆಯಿಂದ ಒಂದು ವಾಸನೆ ಬರುತ್ತಿತ್ತು. ಮೇಣದ ಬತ್ತಿ, ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಅದರ ಕೆಳಗೆ ಹುಳಿಸಿಹಿಯಾದ ಒಂದು ಎಳೆ. ಗೌಡರ ನೆಲಮಾಳಿಗೆಯ ಮೆಟ್ಟಿಲಿಳಿದ ಮೊದಲ ದಿನ ನನಗೆ ನೆನಪಾದದ್ದು ಆ ಬಿಳಿ ಬಟ್ಟೆ.

ನನ್ನ ಮೇಲಿನವರು ದೇಶಪಾಂಡೆ ಸರ್. ನಾಸಿಕದವರು, ಮರಾಠಿ ರೂಢಿಯಂತೆ ಹೆಂಗಸರನ್ನೆಲ್ಲ 'ಬಾಯಿ' ಎಂದು ಕರೆಯುವವರು. ಸಿಟ್ಟು ಜಾಸ್ತಿ, ಮನಸ್ಸು ಮೆತ್ತಗೆ. ಒಮ್ಮೆ ಗ್ಲಾಸು ಇಡುವಾಗ ಒಂದು ಪೀಪಾಯಿಯ ಹತ್ತಿರ ನಿಂತು, "ಸರ್, ಇಲ್ಲಿ ಒದ್ದೆ ಚಮಚ ಹಾಕಿದ ಉಪ್ಪಿನಕಾಯಿ ಭರಣಿ ಹಂಗ ವಾಸನಿ ಬರ್ತೈತ್ರಿ" ಎಂದೆ. ಅವರು ಆಗಲೇ ಆ ಪೀಪಾಯಿಗೆ, ಕೆಟ್ಟಿದೆಯೆಂದು, ಸೀಮೆಸುಣ್ಣದ ಗುರುತು ಹಾಕಿದ್ದರು. ನನ್ನನ್ನು ಒಂದು ಕ್ಷಣ ನೋಡಿ, "ಬಾಯಿ, ನಾಳಿಂದ ಗ್ಲಾಸು ತೊಳಿಯೋದು ಬ್ಯಾರೆಯವರು. ನೀವು ನನ್ನ ಕೂಡ ಮೂಗು ಹಚ್ಚಬೇಕು" ಎಂದರು.

ಮೂಗು ಹಚ್ಚುವುದು ಸುಲಭ. ಕಷ್ಟವಾದದ್ದು ಉಗುಳುವುದು. ರುಚಿ ನೋಡುವವರು ನುಂಗಬಾರದು. ಬಾಯಲ್ಲಿ ಆಡಿಸಿ, ಬಕೆಟ್ಟಿಗೆ ಉಗುಳಬೇಕು. ಊಟ ಮಾಡುವಾಗ ಸದ್ದಾದರೂ ಬೆರಳ ಗೆಣ್ಣಿಗೆ ಸ್ಕೇಲಿನ ಏಟು ತಿಂದು ಬೆಳೆದವಳು ನಾನು. ಗಂಡಸರ ಎದುರು ಸೊರ್ ಎಂದು ಹೀರಿ, ಪಿಚಕ್ ಎಂದು ಉಗುಳುವುದು ಹೇಗೆ? ಸೆರಗು ಅಡ್ಡ ಹಿಡಿದುಕೊಂಡು ಒದ್ದಾಡುತ್ತಿದ್ದೆ. ದೇಶಪಾಂಡೆ ಸರ್ ಕೂಗುತ್ತಿದ್ದರು: "ಥುಂಕಾ ಬಾಯಿ, ಥುಂಕಾ! ನುಂಗಿ ಮನಿಗೆ ಹೋದರ ನಿಮ್ಮ ಮಾಸ್ತರ್ ನನಗ ಬಡೀತಾರ!" ಕೊನೆಗೆ ಬಕೆಟ್ಟಿನ ಮುಂದೆ ಒಂದು ಹಳೆಯ ಪರದೆ ಕಟ್ಟಿಸಿಕೊಟ್ಟರು. ಕೆಲವು ತಿಂಗಳಲ್ಲಿ ಆ ಪರದೆ ಯಾರು ತೆಗೆದರೋ ನನಗೆ ತಿಳಿಯಲೇ ಇಲ್ಲ.

ಫಜೀತಿಗಳೂ ಆದವು. ಒಂದು ಸಲ ಇಳಕಲ್ಲಿನ ಹೊಸ ಸೀರೆ ಉಟ್ಟುಕೊಂಡು ಹೋಗಿದ್ದೆ. ಮೊದಲ ಗ್ಲಾಸಿನಲ್ಲಿ ಗಂಜಿಯ ವಾಸನೆ. ಎರಡನೆಯದರಲ್ಲೂ ಗಂಜಿ. ಸಾಲಾಗಿ ಇಟ್ಟ ಎಲ್ಲದರಲ್ಲೂ ಗಂಜಿ. ನಾನು ಗಾಬರಿಯಾಗಿ ಹೇಳಿದೆ, ಸರ್ ಗಾಬರಿಯಾಗಿ ಟ್ಯಾಂಕುಗಳ ಹತ್ತಿರ ಓಡಿದರು, ತೊಳೆಯುವವರಿಗೆಲ್ಲ ಬೈಗುಳ ಬಿದ್ದವು. ಮತ್ತೆ ಬಂದು ಗ್ಲಾಸು ಮೂಸಿದರು, ನನ್ನ ಕಡೆ ಬಾಗಿ ಗಾಳಿ ಮೂಸಿದರು. "ಬಾಯಿ, ವೈನಿಗೆ ಏನೂ ಆಗಿಲ್ಲ. ಮಗ್ಗದವರು ನಿಮ್ಮ ಸೀರಿಗೆ ಗಂಜಿ ಚಲೋ ಹಾಕ್ಯಾರ." ಅಂದಿನಿಂದ ಆ ಕೆಲಸಕ್ಕೆ ಒಗೆದು ಒಗೆದು ಮೆತ್ತಗಾದ ಸೀರೆಯೇ.

ಆ ಹಳೆಯ ಸೀರೆಯೇ ನನಗೆ ಬಣ್ಣ ನೋಡಲು ಕಲಿಸಿತು. ವೈನಿನ ವಯಸ್ಸು ತಿಳಿಯಬೇಕಾದರೆ ಗ್ಲಾಸು ಓರೆ ಮಾಡಿ, ಬಿಳಿಯ ಮೇಲೆ ಹಿಡಿದು, ಅಂಚು ನೋಡಬೇಕು. ಉಳಿದವರು ಬಿಳಿ ಕಾಗದ ಹಿಡಿಯುತ್ತಿದ್ದರು. ಇಳಕಲ್ಲ ಸೀರೆಯ ಸೆರಗಿನಲ್ಲಿ ಕೆಂಪು ರೇಷ್ಮೆಯ ನಡುವೆ ಬಿಳಿಯ ಪಟ್ಟೆಗಳಿರುತ್ತವಲ್ಲ, ನಾನು ಅದನ್ನೇ ಹಿಡಿಯುತ್ತಿದ್ದೆ. ಹೊಸ ವೈನಿನ ಅಂಚು ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ಮಾಗುತ್ತ ಮಾಗುತ್ತ ಸೆರಗಿನ ಕೆಂಪಿಗೆ ಬರುತ್ತದೆ. ಇನ್ನೂ ವಯಸ್ಸಾದರೆ ಬಾದಾಮಿಯ ಕಲ್ಲಿನ ಬಣ್ಣ, ಸಂಜೆ ಬಿಸಿಲು ಬಿದ್ದಾಗಿನದು. ಅದನ್ನೂ ದಾಟಿ ಚಹಾದ ಬಣ್ಣಕ್ಕೆ ತಿರುಗಿದರೆ ಮುಗಿಯಿತು.

ರುಚಿಯದೂ ಹಾಗೆಯೇ. ಎಳೆಯದರಲ್ಲಿ ಒಗರು ಮುಂದೆ ನಿಂತಿರುತ್ತದೆ, ಅಡಿಕೆ ಅಗಿದಂತೆ ಒಸಡು ಹಿಡಿಯುತ್ತದೆ. ಒಳ್ಳೆಯ ವೈನಾದರೆ ಆ ಒಗರು ವರ್ಷವರ್ಷಕ್ಕೆ ಕರಗಿ, ಹಣ್ಣಿನ ವಾಸನೆ ಹಿಂದೆ ಸರಿದು, ಹಳೆಯ ಹುಣಸೆಹಣ್ಣು, ಒಣಗಿದ ಎಲೆ, ಚರ್ಮದ ಚೀಲ, ಹೀಗೆ ಬೇರೆ ವಾಸನೆಗಳು ಬರುತ್ತವೆ. ಇದು ಮಾಗುವುದು. ಕತ್ತರಿಸಿಟ್ಟು ಮರೆತ ಸೇಬಿನ ವಾಸನೆ ಬಂದರೆ ಗಾಳಿ ಹೊಕ್ಕಿದೆ ಎಂದು ಅರ್ಥ. ಅದು ಹಳಸುವುದು. ಎರಡರಲ್ಲೂ ಬಣ್ಣ ಇಳಿಯುತ್ತದೆ, ಹಣ್ಣು ಹೋಗುತ್ತದೆ. ಅದಕ್ಕೇ ಮೋಸ ಹೋಗುವುದು.

ಈಗ ಮೊದಲ ಸುಗ್ಗಿಯ ವಿಷಯಕ್ಕೆ ಬರುತ್ತೇನೆ.

ಕಾರ್ಖಾನೆಯ ಹಿಂದಿನ ಏರು, ಕೆಂಪು ಕಲ್ಲು ತುಂಬಿದ ಹೊಲ. ಅಲ್ಲಿ ಗೌಡರು ಹಟ ಹಿಡಿದು ಕೆಂಪು ವೈನಿನ ಬಳ್ಳಿ ಹಚ್ಚಿದ್ದರು. "ನಮ್ಮ ಈ ಬಿಸಲಿನ್ಯಾಗ ಬೆಳದದ್ದು ಕುಡದು ಚೆಲ್ಲೋ ಮಾಲಲ್ಲ ಅಕ್ಕಾರ, ಇಟ್ಟು ತಗಿಯೋ ಮಾಲು" ಎನ್ನುತ್ತಿದ್ದರು. ಎಲ್ಲರೂ ನಕ್ಕರು. ಬಿಸಿಲ ನಾಡಿನ ವೈನು ಬಾಳುವುದಿಲ್ಲ ಎಂದು ವ್ಯಾಪಾರದವರು ಹೇಳಿದರು. ಆ ಬಳ್ಳಿಯ ಮೊದಲ ಫಸಲಿನ ಬಾಟಲಿಗಳಲ್ಲಿ ಅರ್ಧದಷ್ಟನ್ನು ಮಾರದೆ ನೆಲಮಾಳಿಗೆಯಲ್ಲಿ ಮಲಗಿಸಿಟ್ಟರು. ಪ್ರತಿ ದೀಪಾವಳಿ ಕಳೆದ ಮೇಲೆ ಒಂದನ್ನು ತೆಗೆದು ನೋಡುವುದು. ಅದು ಬಾಳಿದರೆ ಬಳ್ಳಿ ಉಳಿಯುತ್ತದೆ, ಬಾಳದಿದ್ದರೆ ಕಿತ್ತು ದಾಳಿಂಬೆ ಹಚ್ಚುವುದು. ಇದು ಗೌಡರೇ ಹಾಕಿಕೊಂಡ ಕರಾರು.

ಮೊದಲ ವರ್ಷಗಳಲ್ಲಿ ಅದು ಮಾಗುತ್ತ ಎಷ್ಟು ಚೆನ್ನಾಗಿ ಏರುತ್ತಿತ್ತೆಂದರೆ, ದೇಶಪಾಂಡೆ ಸರ್ ಬೈಯಲು ಏನೂ ಸಿಗದೆ ಸುಮ್ಮನೆ ಹೊರಗೆ ಹೋಗಿ ನಿಲ್ಲುತ್ತಿದ್ದರು. ಆಮೇಲೆ ಅವರು ಮನೆಯ ತಾಪತ್ರಯಕ್ಕೆ ನಾಸಿಕಕ್ಕೆ ಮರಳಿದರು.

ಅದೇ ವರ್ಷದ ದೀಪಾವಳಿ ಅಮಾವಾಸ್ಯೆಗೆ ಗೌಡರ ತಾಯಿ, ನಾವೆಲ್ಲ ಅವ್ವಾರು ಎನ್ನುತ್ತಿದ್ದವರು, ಲಕ್ಷ್ಮೀ ಪೂಜೆಗೆಂದು ಮೊದಲ ಬಾರಿ ನೆಲಮಾಳಿಗೆಗೆ ಇಳಿದರು. ಚೊಳಚಗುಡ್ಡದ ತವರಿನವರು, ಬನಶಂಕರಿಯ ಭಕ್ತೆ. ವೈನಿನ ಬಗ್ಗೆ ಅವರ ನಿಲುವು ಸ್ಪಷ್ಟವಾಗಿತ್ತು: "ನಾ ಕುಡ್ಯಂಗಿಲ್ಲ, ನೀನೂ ಕುಡೀಬ್ಯಾಡ, ಬೇಕಾದವರಿಗೆ ಮಾರು." ದೀಪ ಹಿಡಿದು ಬಂದವರು ಬಾಟಲಿಗಳನ್ನು ಕಂಡು ಅಲ್ಲೇ ನಿಂತುಬಿಟ್ಟರು.

"ಮಲ್ಲಪ್ಪ, ಇವೆಲ್ಲ ತುಂಬಿದ್ದಾವೋ ಖಾಲಿ ಅದಾವೋ?"

"ತುಂಬ್ಯಾವ ಅವ್ವ."

"ತುಂಬಿದ ಕೊಡ ಯಾರರ ಹಿಂಗ ಅಡ್ಡ ಮಲಗಸ್ತಾರೇನೋ? ಲಕ್ಷ್ಮೀ ಬರೋ ಹೊತ್ತಿನ್ಯಾಗ! ಹೆಣಾ ಸಾಲಾಗಿ ಹಾಕಿದಂಗ ಕಾಣ್ತೈತಿ. ಎಬ್ಬಿಸು, ಎಬ್ಬಿಸು."

ಎಲ್ಲರೂ ಸೇರಿ ಒಂದೊಂದನ್ನೂ ಎತ್ತಿ ನಿಲ್ಲಿಸಿದೆವು. ಅವ್ವಾರು ಪ್ರತಿಯೊಂದಕ್ಕೂ ವಿಭೂತಿ ಹಚ್ಚಿದರು. ಮಗುವಿನ ಹಣೆಗೆ ಹಚ್ಚುವಂತೆ, ಎಡಗೈಯಲ್ಲಿ ಬಾಟಲಿಯ ಭುಜ ಹಿಡಿದುಕೊಂಡು. ಒಂದು ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೂ ಒಯ್ದರು. ದೇವರ ಮುಂದೆ ಇಡಲಿಕ್ಕೆ ಎಂದುಕೊಂಡೆವು.

ವೈನಿನ ಬಾಟಲಿ ಮಲಗಿರಬೇಕು. ಆಗ ಒಳಗಿನ ವೈನು ತಾಗಿ ಕಾರ್ಕಿನ ಬಿರಡೆ ಒದ್ದೆಯಾಗಿರುತ್ತದೆ, ಉಬ್ಬಿಕೊಂಡು ಬಾಯಿ ಬಿಗಿಯಾಗಿ ಮುಚ್ಚುತ್ತದೆ. ನಿಲ್ಲಿಸಿದರೆ ನಮ್ಮ ಒಣಹವೆಗೆ ಬಿರಡೆ ಒಣಗಿ, ಗಾಳಿ ಹೊಗುತ್ತದೆ. ಪೂಜೆಯ ಮರುದಿನವೇ ನಾನು ಗೌಡರಿಗೆ ಹೇಳಿದೆ. "ಗೊತ್ತೈತ್ರಿ ಅಕ್ಕಾರ. ಹಬ್ಬ ಮುಗೀಲಿ, ಮಲಗಸೋಣು" ಎಂದರು. ಆದರೆ ಅವ್ವಾರಿಗೆ ಆ ಜಾಗ ಹಿಡಿಸಿಬಿಟ್ಟಿತ್ತು. ಪ್ರತಿ ಶುಕ್ರವಾರ ದೀಪ ಹಚ್ಚಲು ಇಳಿದು ಬರತೊಡಗಿದರು. ನಿಂತ ಬಾಟಲಿಗಳನ್ನು ಕಣ್ತುಂಬ ನೋಡಿ, "ಈಗ ನೋಡು, ಲಕ್ಷಣ ಬಂತು" ಎನ್ನುತ್ತಿದ್ದರು. ಮಗ ತಾಯಿಯ ಮುಖ ನೋಡುತ್ತಿದ್ದ, ನಾನು ಮಗನ ಮುಖ ನೋಡುತ್ತಿದ್ದೆ. ಬಾಟಲಿಗಳು ನಿಂತೇ ಉಳಿದವು.

ಮುಂದಿನ ದೀಪಾವಳಿಗಳಲ್ಲಿ ನಾನು ಕಂಡದ್ದು ಇಷ್ಟು. ಬಾಟಲಿಯ ಕುತ್ತಿಗೆಯಲ್ಲಿ ವೈನು ಒಂದು ಬೆರಳು ಕೆಳಗಿಳಿದಿತ್ತು. ಬಿರಡೆ ಪುಡಿಯಾಗಿ ಬಂತು. ಅಂಚಿನ ಬಣ್ಣ ಸೆರಗಿನ ಕೆಂಪಿಗೆ ನಿಲ್ಲದೆ ಒಮ್ಮೆಲೇ ಚಹಾಕ್ಕೆ ಹಾರಿತ್ತು. ಮೂಗಿಗೆ ಕತ್ತರಿಸಿಟ್ಟ ಸೇಬು.

ಕೊನೆಗೆ ಪುಣೆಯಿಂದ ಒಬ್ಬ ಸಲಹೆಗಾರರನ್ನು ಕರೆಸಿದರು. ಬಳ್ಳಿ ಇಡಬೇಕೋ ಕೀಳಬೇಕೋ ಅವರು ಹೇಳುವವರು. ಗೌಡರ ಮನೆಯ ಕಟ್ಟೆಯ ಮೇಲೆ ಮೇಜು ಹಾಕಿದ್ದೆವು. ಅವ್ವಾರು ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಸಲಹೆಗಾರರು ಬಾಟಲಿಯ ಮೇಲೆ ಬಾಟಲಿ ನೋಡಿ ತಲೆ ಅಲ್ಲಾಡಿಸಿದರು. ನಾನು ಮೆಲ್ಲಗೆ, "ಸರ್, ಇದು ಮಾಗಿ ಇಳಿದದ್ದಲ್ಲ. ಗಾಳಿ ಹೊಕ್ಕೈತಿ" ಎಂದೆ.

ಅವರು ತಕ್ಷಣ ಗೌಡರ ಕಡೆ ತಿರುಗಿದರು. "ಇಟ್ಟದ್ದರಲ್ಲಿ ಏನಾದರೂ ತಪ್ಪಾಗಿದೆಯೇ? ಹಾಗಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ. ನೇರವಾಗಿ ಹೇಳಿ."

ಶೇಂಗಾ ಸುಲಿಯುವ ಸದ್ದು ನಿಂತಿತು. ಅವ್ವಾರು ತಲೆ ಎತ್ತಿದ್ದರು. "ಏನಾತೋ ಮಲ್ಲಪ್ಪ? ಏನು ಕೆಟ್ಟೈತಂತ?"

ಗೌಡರು ತಾಯಿಯನ್ನು ನೋಡಿದರು, ಆಮೇಲೆ ನನ್ನನ್ನು. ಆ ನೋಟದಲ್ಲಿ ಒಂದು ಬೇಡಿಕೆ ಇತ್ತು. ನಾನು ಗ್ಲಾಸು ಕೆಳಗಿಟ್ಟೆ.

"ಏನಿಲ್ಲ ಅವ್ವ," ಎಂದರು. ಸಲಹೆಗಾರರಿಗೆ, "ಇಟ್ಟದ್ದು ಬರೋಬರಿ ಐತ್ರಿ ಸರ್. ಮಣ್ಣಿನ ಗುಣಾನ ಇರಬೇಕು."

ಈ ಮಣ್ಣಿನ ಕೆಂಪು ಬಾಳುವುದಿಲ್ಲ ಎಂದು ಅವರು ತೀರ್ಪು ಕೊಟ್ಟು ಹೋದರು. ಬೇಸಿಗೆಗೆ ಮುಂಚೆ ಏರಿನ ಬಳ್ಳಿಗಳನ್ನೆಲ್ಲ ಕಿತ್ತರು. ಕಾರ್ಖಾನೆ ನಿಲ್ಲಲಿಲ್ಲ. ಹೊರಗಿನ ದ್ರಾಕ್ಷಿ ತಂದು, ಅದೇ ವರ್ಷ ಕುಡಿಯುವ ವೈನು ಮಾಡಿ, ತಿರುಪಿನ ಮುಚ್ಚಳ ಹಾಕಿ ಮಾರಿದರು. ತಿರುಪಿನ ಮುಚ್ಚಳಕ್ಕೆ ನಿಂತರೂ ಒಂದೇ, ಮಲಗಿದರೂ ಒಂದೇ. ಯಂತ್ರಗಳು ಬಂದವು, ಒಂದು ಹನಿ ಹಾಕಿದರೆ ಹುಳಿ ಸಿಹಿ ಎಲ್ಲ ತೋರಿಸುವಂಥವು. ನನ್ನ ಸೆರಗಿಗೆ ಕೆಲಸ ಕಡಿಮೆಯಾಯಿತು. ನಾನೂ ವಯಸ್ಸಾಯಿತೆಂದು ಮನೆಗೆ ಬಂದೆ.

ಅವತ್ತು ಹುಬ್ಬಳ್ಳಿ ಬಸ್ಸು ಹತ್ತಿ ಕೆರೂರಿಗೆ ಇಳಿದಾಗ ಗೌಡರೇ ಕರೆದೊಯ್ಯಲು ಬಂದಿದ್ದರು. ಅವ್ವಾರು ಅದರ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಸುಣ್ಣ ಬಳಿಯಲು ಮನೆಯ ಕಣಜ ಖಾಲಿ ಮಾಡಿಸಿದರಂತೆ. ಆ ಕಣಜವನ್ನು ಅವ್ವಾರು ಇರುವವರೆಗೆ ಎಂದೂ ಪೂರ್ತಿ ಖಾಲಿಯಾಗಲು ಬಿಟ್ಟಿರಲಿಲ್ಲ. ಹಳೆಯ ಜೋಳ ಇರುವಾಗಲೇ ಹೊಸದು ಸುರಿಸುತ್ತಿದ್ದರು. ತಳದ ಮೂಲೆಯಲ್ಲಿ, ಜೋಳದೊಳಗೆ ಈ ಬಾಟಲಿ. ಪೂಜೆಯ ದಿನ ಒಯ್ದದ್ದು. ಕಣಜ ತುಂಬಿರಲಿ ಎಂದು ಜೋಳದ ಮೇಲೆ ನಿಲ್ಲಿಸಿರಬೇಕು. ಕೆಳಗಿನ ಕಿಂಡಿಯಿಂದ ಕಾಳು ತೆಗೆದಂತೆಲ್ಲ ಅದು ಇಳಿದು ಇಳಿದು, ವಾಲಿ, ಅಡ್ಡ ಮಲಗಿಬಿಟ್ಟಿತ್ತು. ದಪ್ಪ ಗೋಡೆಯ ಒಳಗೆ, ಕತ್ತಲಲ್ಲಿ, ತಂಪಿನಲ್ಲಿ.

ಗೌಡರು ಅದನ್ನು ಮೊರದಲ್ಲಿ ಮಡಚಿದ ಕಂಬಳಿಯ ಮೇಲೆ ಇಟ್ಟಿದ್ದರು. ಗಾಜಿನ ಮೇಲೆ ವಿಭೂತಿಯ ಬೆರಳ ಗುರುತು ಮಸುಕಾಗಿ ಉಳಿದಿತ್ತು. ವೈನು ಕುತ್ತಿಗೆಯವರೆಗೂ ಇತ್ತು. ನಾನು ಅದನ್ನು ಎತ್ತಿ ನಿಲ್ಲಿಸಿದೆ. ಹಳೆಯ ವೈನನ್ನು ತೆರೆಯುವ ಮುಂಚೆ ಸ್ವಲ್ಪ ಹೊತ್ತು ನಿಲ್ಲಿಸಬೇಕು, ಗಸಿ ತಳಕ್ಕಿಳಿಯಲಿ ಎಂದು.

ಬಿರಡೆ ಇಡಿಯಾಗಿ ಬಂತು. ತುದಿ ಕೆಂಪಗೆ ಒದ್ದೆಯಾಗಿತ್ತು. ಗೌಡರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತ ಕೂತರು.

ನಾನು ಸೆರಗಿನ ಬಿಳಿಯ ಮೇಲೆ ಗ್ಲಾಸು ಹಿಡಿದೆ. ಅಂಚು ಬಾದಾಮಿಯ ಕಲ್ಲು, ನಡುವೆ ಇನ್ನೂ ಗಟ್ಟಿ ಕೆಂಪು. ಅಲ್ಲಾಡಿಸದೆ ಮೂಸಿದೆ, ಅಲ್ಲಾಡಿಸಿ ಮೂಸಿದೆ. ಹಳೆಯ ಹುಣಸೆ, ಒಣ ಎಲೆ, ಮಳೆ ಬಿದ್ದ ಕಲ್ಲು, ಎಲ್ಲೋ ದೂರದಲ್ಲಿ ಇನ್ನೂ ನೇರಳೆ. ಬಾಯಲ್ಲಿ ಒಗರು ಮೆತ್ತಗೆ, ಬಹಳ ಒಗೆದ ಹತ್ತಿ ಸೀರೆಯ ಹಾಗೆ. ಗೌಡರು ಅಭ್ಯಾಸದಂತೆ ಬಕೆಟ್ಟು ನನ್ನ ಕಡೆ ಸರಿಸಿದರು. ಅಷ್ಟು ವರ್ಷಗಳಲ್ಲಿ ಒಂದು ಗುಟುಕೂ ನುಂಗದವಳು, ಅವತ್ತು ಉಗುಳಲಿಲ್ಲ.

"ಹೆಂಗೈತ್ರಿ?"

"ಸಾಹೇಬ್ರ, ಇದು ಇನ್ನೂ ಏರಾಕತ್ತೈತಿ. ಇನ್ನೂ ಭಾಳ ವರ್ಷ ಇರತಿತ್ತು."

ಗೌಡರು ತಮ್ಮ ಗ್ಲಾಸನ್ನು ಬಹಳ ಹೊತ್ತು ಮೂಸಿದರು. "ಅಂದ್ರ ಮಣ್ಣಿಂದು ತಪ್ಪಿರಲಿಲ್ಲ."

"ಇರಲಿಲ್ರಿ."

"ನಾ ಮಣ್ಣಿನ ಮ್ಯಾಲೆ ಸುಳ್ಳು ಹೇಳಿದೆ ಅಕ್ಕಾರ. ಅವ್ವ ಮುಂದ ಕುಂತಿದ್ಳು. ನಿನ್ನ ಕೈಲೆ ಕೆಟ್ಟಿತು ಅಂತ ಹೆಂಗ ಅನ್ನಲಿ? ಒಂದೊಂದಕ್ಕೂ ವಿಭೂತಿ ಹಚ್ಚಿದಾಕಿಗೆ?"

ಅವತ್ತು ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು.

ಗೌಡರೇ ಮತ್ತೆ ಅಂದರು: "ಈಗ ಅನಸ್ತೈತಿ, ಹೇಳಿದ್ರ ಆಕಿ ಅಳತಿರಲಿಲ್ಲ. ನಗತಿದ್ಳು. 'ಹುಚ್ಚ್ಯಾ, ಮೊದಲ ಬೊಗಳಬಾರದೇನ' ಅಂತ ಬೈದು, ತಾನ ಕೆಳಗ ಇಳದು ಒಂದೊಂದನ್ನೂ ಮಲಗಸಿ, ಕೌದಿ ಹೊಚ್ಚಿ ಬರತಿದ್ಳು. ನಾವು ಆಕೀನ್ನ ಅಷ್ಟು ಸಣ್ಣಾಕಿ ಮಾಡಿದ್ವಿ ನೋಡ್ರಿ."

ಕಿಟಕಿಯ ಆಚೆ ಏರಿನ ತುಂಬ ದಾಳಿಂಬೆ ಹೂ ಬಿಟ್ಟಿತ್ತು. ಒಳ್ಳೆಯ ತೋಟ, ಒಳ್ಳೆಯ ಫಸಲು ಕೊಡುತ್ತಿದೆ. "ಒಂದು ಬಳ್ಳೀನರ ಉಳದಿತ್ತೇನ್ರಿ, ಬಾವಿ ಕಡೆ?" ಎಂದು ಕೇಳಿದೆ. ಅವರು ಇಲ್ಲವೆಂದು ತಲೆ ಆಡಿಸಿದರು. ಬೇರು ಸಹಿತ ತೆಗೆಸಿದ್ದರು, ಆಳುಗಳಿಗೆ ತಾವೇ ನಿಂತು ಹೇಳಿ.

ಹುಡುಗಿಯರೇ, ನಿಮ್ಮ ಮುಂದೆ ಒಂದು ಗ್ಲಾಸು ಇಟ್ಟು, ಈ ಸುಗ್ಗಿ ಹೇಗೆ ಬಾಳಿದೆ ಎಂದು ಕೇಳುತ್ತಾರೆ. ನಿಮ್ಮ ಮೂಗು ಸರಿಯಾಗಿಯೇ ಹೇಳುತ್ತದೆ, ಯಂತ್ರವೂ ಸರಿಯಾಗಿಯೇ ಹೇಳುತ್ತದೆ. ಆದರೆ ಅದನ್ನು ಎಲ್ಲಿಟ್ಟಿದ್ದರು, ಯಾರು ಇಟ್ಟಿದ್ದರು, ಯಾಕೆ ಹಾಗೆ ಇಟ್ಟರು ಎಂದು ಕೇಳಿಕೊಳ್ಳಿ. ಇಟ್ಟವರು ಅಲ್ಲೇ ಕೂತಿದ್ದರೆ ಅವರನ್ನೇ ಕೇಳಿ. ಮೆತ್ತಗೆ ಕೇಳಿ, ಆದರೆ ಕೇಳಿ. ಅವ್ವಾರ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ನಾಲ್ಕು ಶೇಂಗಾ ಸುಲಿದುಕೊಡುತ್ತ ಹೇಳಬಹುದಾಗಿದ್ದ ಮಾತು ಅದು. ನನಗೆ ಈಗಲೂ ಆ ಚಾಪೆ ಕಣ್ಣಿಗೆ ಕಟ್ಟುತ್ತದೆ, ಅದರ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು.

ಖಾಲಿ ಬಾಟಲಿಯನ್ನು ಗೌಡರು ನನಗೇ ಕೊಟ್ಟರು. ಮನೆಗೆ ಬಂದು, ವಿಭೂತಿಯ ಗುರುತು ಅಳಿಸದಂತೆ ಒಳಗಷ್ಟೇ ತೊಳೆದು, ಅಡಿಗೆಮನೆಯ ಕಟ್ಟೆಯ ಮೇಲೆ ಟವೆಲ್ ಹಾಸಿ ಅದರ ಮೇಲೆ ಇಟ್ಟೆ. ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ನೀಲಕ್ಕ ಬಟ್ಟಲು ಹಿಡಿದು ಬಂದಳು, ಮೊಸರಿಗೆ ಹೆಪ್ಪು ಬೇಕೆಂದು. ಹೆಪ್ಪು ಹಾಕಿಸಿಕೊಂಡು ಬಾಗಿಲವರೆಗೆ ಹೋದವಳು ಕಟ್ಟೆಯ ಕಡೆ ತಿರುಗಿ ನೋಡಿದಳು.

"ಬಾಟ್ಲಿ ಚಂದೈತಲ್ರಿ, ಎಣ್ಣಿ ಹಾಕಾಕ ಬರ್ತೈತಿ. ಅದನ್ಯಾಕ ಹಂಗ ಮಲಗಿಸೀರಿ? ನಿಂದರಸ್ರಿ, ನಿಂತ್ರ ಲಕ್ಷಣ ಕಾಣ್ತೈತಿ."